ಗಾಂಜಾ ಸೇದಿ ಎದೆನೋವು ಅಂತ ಬಂದವರಿಗೆ ಗಾಬರಿಯೋ, ಹೃದಯದ ತೊಂದರೆಯೋ?

ಪ್ರಶ್ನೆ: ಡ್ಯೂಟಿಡಾಕ್ಟರ್
ಇಪ್ಪತ್ತು-ಮೂವತ್ತರ ಆಸುಪಾಸಿನವರು ಎದೆ ಬಿಗಿತ, ಕೈನಡುಕ, ನಾಡಿ 130 ಎಂದು ತುರ್ತು ವಿಭಾಗಕ್ಕೆ ಬರುತ್ತಾರೆ. ಗಾಂಜಾ ಸೇದಿದ್ದಾರೆಂದು ಗೊತ್ತಾದ ಕೂಡಲೇ ‘ಗಾಬರಿ ಅಷ್ಟೇ’ ಎಂದು ಮನೆಗೆ ಕಳಿಸುವ ರೂಢಿಯಿದೆ. ಯಾರನ್ನು ಉಳಿಸಿಕೊಳ್ಳಬೇಕು? ಮೂತ್ರ ಪರೀಕ್ಷೆ ನೆರವಾಗುತ್ತದೆಯೇ?

ಉತ್ತರ: ಇಸಿಜಿ_ಮೊದಲು
ಮೂತ್ರ ಪರೀಕ್ಷೆ ನಂಬಿ ಕೂರಬೇಡಿ ಸರ್. ಒಂದು ಸಲ ಸೇದಿದವರಲ್ಲೂ ಅದು ಸುಮಾರು ಮೂರು ದಿನ ಪಾಸಿಟಿವ್ ಬರಬಹುದು, ದಿನಾ ಸೇದುವವರಲ್ಲಿ ತಿಂಗಳವರೆಗೂ. ಈಗಿನ ನೋವಿಗೆ ಗಾಂಜಾವೇ ಕಾರಣ ಎಂದು ಅದರಿಂದ ಹೇಳಲಾಗದು. ಕೃತಕ ಗಾಂಜಾ ರಾಸಾಯನಿಕಗಳಂತೂ ಸಾಮಾನ್ಯ ಕಿಟ್‌ನಲ್ಲಿ ಸಿಗುವುದೇ ಇಲ್ಲ, ಅಪಾಯ ಮಾತ್ರ ಅವುಗಳಲ್ಲೇ ಹೆಚ್ಚು.

ಎಷ್ಟು ಹೊತ್ತಿಗೆ, ಸೇದಿದ್ದೋ ತಿಂದದ್ದೋ, ಜೊತೆಗೆ ಬೇರೇನು ತೆಗೆದುಕೊಂಡರು ಎಂದು ಕೇಳಿ. ಸೇದಿದರೆ ಅರ್ಧ ಗಂಟೆಯೊಳಗೇ ನಾಡಿ ತುತ್ತತುದಿ ಮುಟ್ಟಿ, ಎರಡು-ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದದ್ದು ಹಾಗಲ್ಲ. ಶುರುವಾಗಲಿಕ್ಕೇ 30ರಿಂದ 90 ನಿಮಿಷ ಬೇಕು, ಏರುವುದು 2ರಿಂದ 4 ಗಂಟೆಗೆ. ಬಂದಾಗ ಸುಮ್ಮನಿದ್ದವರು ವಾರ್ಡಿನಲ್ಲೇ ಕೆಡಬಹುದು.

ಬಡಿತ ಹೆಚ್ಚಿ ಹೃದಯಕ್ಕೆ ಜಾಸ್ತಿ ಆಮ್ಲಜನಕ ಬೇಕಾಗುವ ಹೊತ್ತಿನಲ್ಲೇ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿ ಪೂರೈಕೆ ತಗ್ಗಿಸುತ್ತದೆ. 2001ರ ಒಂದು ಅಧ್ಯಯನದಲ್ಲಿ ಸೇದಿದ ಮೊದಲ ಗಂಟೆಯಲ್ಲಿ ಹೃದಯಾಘಾತದ ಅಪಾಯ 4.8 ಪಟ್ಟು ಕಂಡಿತ್ತು. ಅದರಲ್ಲಿ ಗಾಂಜಾ ಸೇದುವವರ ಸಂಖ್ಯೆ ಚಿಕ್ಕದು, ಆದರೂ ಆ ಒಂದು ಗಂಟೆಯನ್ನು ಹಗುರವಾಗಿ ನೋಡುವಂತಿಲ್ಲ.

ಉತ್ತರ: ಕಾರ್ಡಿಯೋ_ಓದು
ವಯಸ್ಸು ನೋಡಿ ಇಸಿಜಿ ತಡಮಾಡಬೇಡಿ, ಬಂದ 10 ನಿಮಿಷದೊಳಗೆ ಆಗಬೇಕು. ಎಳೆಯರಲ್ಲಿ ಸಹಜವಾಗಿಯೇ ಇಸಿಜಿ ಗೆರೆಯ ಒಂದು ಭಾಗವಾದ ಎಸ್‌ಟಿ ತುಸು ಎತ್ತರವಿರುವುದುಂಟು. ಅನುಮಾನವಿದ್ದರೆ 15-30 ನಿಮಿಷಕ್ಕೆ ಮತ್ತೊಂದು ತೆಗೆದು ಹೋಲಿಸಿ, ಬದಲಾಗುತ್ತಿದ್ದರೆ ಅದು ಸಹಜವಲ್ಲ. ನೋವು ಶುರುವಾಗಿ ಮೂರು ಗಂಟೆಯೂ ಆಗಿರದಿದ್ದರೆ ಒಂದೇ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರುವ ರಕ್ತಪರೀಕ್ಷೆ) ನೆಗೆಟಿವ್ ಬಂತೆಂದು ಕಳಿಸಬಾರದು, ಎರಡನೆಯದು ಬೇಕು.

ಹೃದಯದ್ದೇ ಎನಿಸಿದರೆ, ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ ಆಸ್ಪಿರಿನ್ 300 ಮಿ.ಗ್ರಾಂ ಅಗಿದು ನುಂಗಿಸಿ. ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಕೊಡುವ ಮುಂಚೆ ಸಿಲ್ಡೆನಾಫಿಲ್ (ವಯಾಗ್ರ) ನುಂಗಿದ್ದಾರೆಯೇ ಎಂದು ಮರೆಯದೆ ಕೇಳಿ, ಎರಡೂ ಸೇರಿದರೆ ಬಿಪಿ ಕುಸಿಯುತ್ತದೆ. ಕೊಕೇನ್ ಬೆರೆತಿರುವ ಶಂಕೆಯಿದ್ದರೆ ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗೆ ಅವಸರ ಬೇಡ. ಚಡಪಡಿಕೆಗೆ ಮೊದಲು ಶಮನ ಔಷಧಿ ಬೆಂಜೊಡಯಜೆಪೀನ್ ಸಾಕು.

ಉತ್ತರ: ವಾರ್ಡ್_ಫಾರ್ಮಸಿ
ಬಹುಕಾಲ ಸೇದಿದವರು ನಿಲ್ಲದ ವಾಂತಿ ಎಂದು ಬಂದು, ಬಿಸಿನೀರು ಸ್ನಾನ ಮಾಡಿದರೆ ಮಾತ್ರ ಕಡಿಮೆ ಎನ್ನುತ್ತಾರಲ್ಲ, ಅಲ್ಲಿ ಇನ್ನೊಂದು ಅಪಾಯವಿದೆ. ವಾಂತಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿರುತ್ತವೆ. ಅದರ ಮೇಲೆ ವಾಂತಿ ತಡೆಯಲು ಆಂಡಾನ್ಸೆಟ್ರಾನ್, ಹ್ಯಾಲೊಪೆರಿಡಾಲ್ ಎರಡನ್ನೂ ಕೊಟ್ಟರೆ ಇಸಿಜಿಯಲ್ಲಿ ಕಾಣುವ ಕ್ಯೂಟಿ ಅವಧಿ ಉದ್ದವಾಗಿ ಮಾರಕ ಲಯದೋಷ ಬರಬಹುದು. ಕ್ಯೂಟಿಸಿ (ನಾಡಿಗೆ ತಕ್ಕಂತೆ ಹೊಂದಿಸಿದ ಕ್ಯೂಟಿ) 500 ಮಿಲಿಸೆಕೆಂಡ್ ದಾಟಿದ್ದರೆ ಎರಡೂ ಬೇಡ, ಲವಣ ಸರಿಪಡಿಸಿ. ಹೊಟ್ಟೆಯ ಮೇಲೆ ಕ್ಯಾಪ್ಸೈಸಿನ್ (ಮೆಣಸಿನಕಾಯಿಯ ಖಾರದ ಅಂಶ) ಮುಲಾಮು ಹಚ್ಚಿ ನೋಡಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮೇಲಿರುವವರಾದರೆ, ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ ಕೂಡ ನೋಡಿ, ಗಾಂಜಾದಿಂದ ಏರುವುದುಂಟು.

ಡ್ಯೂಟಿಡಾಕ್ಟರ್
ಎರಡು ಇಸಿಜಿ, ಎರಡು ಟ್ರೋಪೋನಿನ್ ಸರಿಯಿದ್ದು ನಾಡಿಯೂ ಇಳಿದಿದ್ದರೆ ಕಳಿಸಬಹುದೇ?

ಇಸಿಜಿ_ಮೊದಲು
ನೋವು ಪೂರ್ತಿ ಹೋಗಿದ್ದರೆ ಕಳಿಸಬಹುದು. ಹೊರಡುವ ಮುನ್ನ ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20ರಷ್ಟು ಬಿದ್ದರೆ ಇನ್ನಷ್ಟು ಹೊತ್ತು ಮಲಗಿಸಿಕೊಳ್ಳಿ. ತಿಂದವರಾದರೆ ಆರು ಗಂಟೆಯಾದರೂ ಕಣ್ಣಳತೆಯಲ್ಲಿರಲಿ.