ಅಲಬಾಮದ ಸಣ್ಣ ಊರು: ಅಕ್ಕಪಕ್ಕದವರ ಪ್ರೀತಿಗೆ ನಮ್ಮ ಕಡೆಯಿಂದ ಏನು ಮಾಡಬೇಕು?

ಹೊಸಮನೆ:

ಎಲ್ಲರಿಗೂ ನಮಸ್ಕಾರ. ಉತ್ತರ ಅಲಬಾಮದ ಸಣ್ಣ ಊರೊಂದರಲ್ಲಿ ಬಾಡಿಗೆ ಮನೆ ಹಿಡಿದಿದ್ದೀವಿ, ನಾವಿಬ್ಬರು ಮತ್ತು ಏಳು ವರ್ಷದ ಮಗಳು. ಬಂದು ಎರಡು ವಾರ ಆಯ್ತು. ಆಗಲೇ ಮೂರು ಮನೆಯವರು ಬಾಗಿಲು ತಟ್ಟಿ ತಿನ್ನೋಕೆ ಕೊಟ್ಟು ಹೋದರು: ಗಾಜಿನ ಟ್ರೇಯಲ್ಲಿ ಕ್ಯಾಸರೋಲ್ (ಓವನ್‌ನಲ್ಲಿ ಬೇಯಿಸಿದ ಅಡುಗೆ), ಪೌಂಡ್ ಕೇಕ್, ಒಂದು ಚೀಲ ತೋಟದ ಟೊಮೆಟೊ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಯಾವ ಚರ್ಚಿಗೆ ಹೋಗ್ತೀರಿ ಅಂತ. ಬುಧವಾರ ರಾತ್ರಿ ಊಟಕ್ಕೆ ಬನ್ನಿ ಅಂತಲೂ ಕರೆದರು.

ಟ್ರೇ ಯಾವಾಗ ವಾಪಸ್ ಕೊಡಬೇಕು, ಜೊತೆಗೆ ಏನು ಕೊಡೋದು? ಚರ್ಚಿನ ಕರೆಗೆ ಏನು ಹೇಳೋದು? ನಾವು ಸಸ್ಯಾಹಾರಿಗಳು (ಮೊಟ್ಟೆ ತಿಂತೀವಿ), ಅದನ್ನ ಮನಸ್ಸು ನೋಯಿಸದ ಹಾಗೆ ಹೇಗೆ ತಿಳಿಸೋದು? ಅಲ್ಲಿನ ರೂಢಿ ಬಲ್ಲವರು ದಯವಿಟ್ಟು ವಿವರವಾಗಿ ಬರೀರಿ.

ತುಂಗಾತೀರ:

ಪಾತ್ರೆ ವಿಷಯದಲ್ಲಿ ನಮ್ಮ ಅಜ್ಜಿಯಂದಿರ ನಿಯಮ ಅಲ್ಲೂ ಚಾಲ್ತಿಯಲ್ಲಿದೆ: ಖಾಲಿ ಪಾತ್ರೆ ವಾಪಸ್ ಕೊಡೋ ಹಾಗಿಲ್ಲ.

ಮೊದಲು ಟ್ರೇ ಬೋರಲು ಹಾಕಿ ತಳ ನೋಡಿ. ಎಷ್ಟೋ ಮನೆಗಳಲ್ಲಿ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಹೆಸರು ಬರೆದಿರ್ತಾರೆ. 9 ಇಂಚು ಅಗಲ, 13 ಇಂಚು ಉದ್ದದ ಆ ಗಾಜಿನ ಟ್ರೇ ಊರಲ್ಲಿ ಎಲ್ಲರ ಮನೆಯಲ್ಲೂ ಇರುತ್ತೆ, ಸಾಮೂಹಿಕ ಊಟಗಳಲ್ಲಿ ಅದಲು ಬದಲು ಆಗದಿರಲಿ ಅಂತ ಈ ಟೇಪ್. ಅದನ್ನ ಕೀಳಬೇಡಿ. ಡಿಶ್‌ವಾಷರ್‌ಗೆ ಹಾಕಿದ್ರೆ ಅಂಟು ಬಿಡುತ್ತೆ, ಆದ್ದರಿಂದ ಕೈಯಲ್ಲೇ ತೊಳೀರಿ. ಅಲ್ಯೂಮಿನಿಯಂ ಹಾಳೆಯ ಟ್ರೇ ಆಗಿದ್ರೆ ವಾಪಸ್ ಕೇಳಲ್ಲ. ನಿಮಗೆ ಹೊರೆ ಆಗಬಾರದು ಅಂತಲೇ ಅದರಲ್ಲಿ ತಂದಿರ್ತಾರೆ.

ಒಂದು ವಾರ, ಹೆಚ್ಚೆಂದ್ರೆ ಎರಡು ವಾರದೊಳಗೆ ನೀವೇ ಹೋಗಿ ಕೊಡಿ. ಶನಿವಾರ ಬೆಳಗ್ಗೆ ಹತ್ತರ ಸುಮಾರು ಒಳ್ಳೆ ಹೊತ್ತು. ಭಾನುವಾರ ಬೆಳಗ್ಗೆ, ಬುಧವಾರ ಸಂಜೆ ಬೇಡ, ಅದು ಚರ್ಚಿನ ಹೊತ್ತು. ಸೆಪ್ಟೆಂಬರಿಂದ ನವೆಂಬರ್ ತನಕ ಶನಿವಾರ ಹೋಗೋ ಮುಂಚೆ ಅಲಬಾಮ ಮತ್ತು ಆಬರ್ನ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯ ಎಷ್ಟು ಗಂಟೆಗೆ ಅಂತ ನೋಡ್ಕೊಳ್ಳಿ. ಆ ಎರಡೂ ತಂಡ ಎದುರಾಗೋದು ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್ (ನವೆಂಬರಿನ ನಾಲ್ಕನೇ ಗುರುವಾರದ ಹಬ್ಬ) ಮರುದಿನದ ಶುಕ್ರವಾರ ಇಲ್ಲವೇ ಶನಿವಾರ. ಆ ದಿನ ನಿಮ್ಮ ಮನೆಯಲ್ಲಿ ಪೂಜೆ, ಊಟ ಇಟ್ಟುಕೊಂಡು ಊರಿನವರನ್ನ ಕರೀಬೇಡಿ, ಪಾಪ ಬರೋಕೂ ಆಗಲ್ಲ, ಬರಲ್ಲ ಅನ್ನೋಕೂ ಆಗಲ್ಲ.

ಟ್ರೇಯಲ್ಲಿ ಏನು ಹಾಕೋದು? ಕೊಬ್ಬರಿ ಮಿಠಾಯಿ ಎಲ್ಲಕ್ಕಿಂತ ಸುಲಭ. ಅವರದ್ದೇ ತೆಂಗಿನ ಕೇಕ್ ಇರೋದ್ರಿಂದ ಆ ರುಚಿ ಹೊಸದಲ್ಲ. ಏಲಕ್ಕಿ ಅರ್ಧ ಮಾಡಿ. ಕೋಡುಬಳೆ, ನಿಪ್ಪಟ್ಟು ಮಾಡೋದಾದ್ರೆ ಖಾರದ ಪುಡಿ ಮಾಮೂಲಿನ ಮೂರನೇ ಒಂದು ಭಾಗ ಸಾಕು. ಚಿತ್ರಾನ್ನ ಕೂಡ ಇಷ್ಟಪಡ್ತಾರೆ. ಆದರೆ ಕರಿಬೇವು, ಒಣಮೆಣಸಿನಕಾಯಿ ಆರಿಸಿ ತೆಗೆದಿಡಿ, ಬದಿಗಿಟ್ಟು ತಿನ್ನೋದು ಅಂತ ಗೊತ್ತಿಲ್ಲದವರು ಹಾಗೇ ಕಚ್ಚಿಬಿಡ್ತಾರೆ. ಕಡಲೆಬೇಳೆ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತೆ, ಅದನ್ನೂ ಬಿಡಿ. ಏನೇ ಕೊಟ್ಟರೂ ಒಂದು ಚೀಟಿಯಲ್ಲಿ ಏನೇನು ಹಾಕಿದೆ ಅಂತ ಬರೆದಿಡಿ. ಕಡಲೆಕಾಯಿ, ಗೋಡಂಬಿ, ಬಾದಾಮಿ, ಹಾಲು, ಎಳ್ಳು ಇದ್ದರೆ ತಪ್ಪದೆ ಬರೀರಿ. ಕಡಲೆಕಾಯಿ ಅಲರ್ಜಿ ಇದ್ದವರಿಗೆ ಅದು ಪ್ರಾಣದ ವಿಷಯ.

ಜೊತೆಗೆ ಕೈಬರಹದ ಧನ್ಯವಾದದ ಕಾರ್ಡ್ ಒಂದು. ಮೂರು ಸಾಲು ಸಾಕು: ಏನು ಕೊಟ್ಟರೋ ಅದರ ಹೆಸರು, ಮನೆಯಲ್ಲಿ ಯಾರಿಗೆ ಇಷ್ಟ ಆಯ್ತು, ನಿಮ್ಮ ಹೆಸರು. ಮೊಬೈಲ್ ಮೆಸೇಜ್‌ಗಿಂತ ಇದಕ್ಕೆ ತೂಕ ಜಾಸ್ತಿ, ಹಿರಿಯರು ಅದನ್ನ ಫ್ರಿಜ್ ಬಾಗಿಲಿಗೆ ಸಿಕ್ಕಿಸಿ ಇಟ್ಕೋತಾರೆ. ಒಂದು ಎಚ್ಚರ: ಸ್ಟ್ಯಾಂಪ್ ಇಲ್ಲದ ಕಾರ್ಡನ್ನ ಅವರ ಅಂಚೆಡಬ್ಬಿಗೆ ಹಾಕಬೇಡಿ, ಅಮೆರಿಕದ ಕಾನೂನಿನಲ್ಲಿ ಅದು ತಪ್ಪು. ಕೈಗೆ ಕೊಡಿ, ಇಲ್ಲ ಬಾಗಿಲ ಹತ್ತಿರ ಇಡಿ.

ಟೊಮೆಟೊ ಕೊಟ್ಟವರಿಗೆ ತಿರುಗಿ ಏನೂ ಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಟೊಮೆಟೊ, ಸೋರೆ ಜಾತಿಯ ಸ್ಕ್ವಾಷ್, ಬೆಂಡೆಕಾಯಿ ಎಲ್ಲರ ಹಿತ್ತಲಲ್ಲೂ ಸುರಿಯುತ್ತೆ. ಸಿಕ್ಕಾಗ ಟೊಮೆಟೊ ಚೆನ್ನಾಗಿತ್ತು ಅನ್ನಿ, ಅಷ್ಟೇ.

ಕಾವೇರಿಕೊಡ:

ಚರ್ಚಿನ ಪ್ರಶ್ನೆಗೆ ಹೆದರಬೇಡಿ. ನಮ್ಮಲ್ಲಿ ‘ಯಾವೂರು ನಿಮ್ದು, ಯಾರ ಪೈಕಿ’ ಅಂತ ಕೇಳ್ತಾರಲ್ಲ, ಅದೇ ಧಾಟಿ. ನಿಮ್ಮನ್ನ ಎಲ್ಲಿ ಇಟ್ಟು ನೋಡಬೇಕು, ಕಷ್ಟ ಬಂದ್ರೆ ನಿಮ್ಮವರು ಯಾರು ಅನ್ನೋದು ಅವರಿಗೆ ತಿಳೀಬೇಕು. ನೇರವಾಗಿ ಹೇಳಿ: ನಾವು ಹಿಂದೂಗಳು, ದೇವಸ್ಥಾನಕ್ಕೆ ಹೋಗ್ತೀವಿ, ಕರೆದಿದ್ದಕ್ಕೆ ತುಂಬಾ ಸಂತೋಷ. ಬರ್ಮಿಂಗ್‌ಹ್ಯಾಮ್ ಪಕ್ಕದ ಪೆಲ್ಹ್ಯಾಮ್‌ನಲ್ಲಿ ದೇವಸ್ಥಾನ ಇದೆ, ಹೆಸರು ಹೇಳಿದ್ರೆ ಎಷ್ಟೋ ಜನಕ್ಕೆ ಗೊತ್ತು. ತಪ್ಪು ಎಲ್ಲಾಗುತ್ತೆ ಅಂದ್ರೆ, ಸಂಕೋಚಕ್ಕೆ ‘ನೋಡೋಣ, ಇನ್ನೂ ತೀರ್ಮಾನ ಮಾಡಿಲ್ಲ’ ಅಂದುಬಿಡೋದು. ಅದನ್ನ ಅವರು ನಿಜವಾಗಿಯೂ ನೀವು ಚರ್ಚ್ ಹುಡುಕ್ತಿದ್ದೀರಿ ಅಂತಲೇ ತಗೋತಾರೆ. ಆಮೇಲೆ ನಾಲ್ಕು ಚರ್ಚಿನವರು ಬಂದ್ರೆ ಅವರದ್ದೇನು ತಪ್ಪಿಲ್ಲ.

ಬುಧವಾರದ ಊಟ ಬೇರೆ ವಿಷಯ. ಅದು ಚರ್ಚಿನ ಹಾಲ್‌ನಲ್ಲಿ ಸಂಜೆ ಐದರಿಂದ ಆರೂವರೆ ಒಳಗೆ ನಡೆಯೋ ಊಟ. ಕೆಲವು ಕಡೆ ತಲೆಗೆ ಕೆಲವು ಡಾಲರ್ ತಗೋತಾರೆ. ಊಟದ ನಂತರ ಪ್ರಾರ್ಥನೆ ಇರುತ್ತೆ, ಅದಕ್ಕೆ ಕೂರದೆ ಎದ್ದು ಹೋಗಬಹುದು. ಊರಿನ ಶಾಲೆಯ ಟೀಚರ್, ಫಾರ್ಮಸಿಯವರು, ಕೊಳಾಯಿ ರಿಪೇರಿಯವರು ಎಲ್ಲ ಒಂದೇ ಕಡೆ ಸಿಗೋ ಜಾಗ ಅದು. ನಿಮಗೆ ಒಪ್ಪಿಗೆ ಆದ್ರೆ ಒಂದು ಸಲ ಹೋಗಿ ಬನ್ನಿ ಅನ್ನೋದು ನನ್ನ ಸಲಹೆ.

ಅಲ್ಲಿ ವಿಸಿಟರ್ ಕಾರ್ಡ್ ಕೊಡ್ತಾರೆ. ವಿಳಾಸ, ಫೋನ್ ನಂಬರ್ ಬರೆದ್ರೆ ಪಾದ್ರಿಯವರೋ ಸದಸ್ಯರೋ ಮನೆಗೆ ಬರ್ತಾರೆ ಅಂತ ಅರ್ಥ. ಬೇಡ ಅಂದ್ರೆ ಬರೀ ಹೆಸರು ಬರೀರಿ. ಭಾನುವಾರದ ಆರಾಧನೆಗೆ ಹೋದ್ರೆ ಕಾಣಿಕೆ ತಟ್ಟೆ ಬಂದಾಗ ಹಾಗೇ ಪಕ್ಕದವರಿಗೆ ದಾಟಿಸಿದ್ರೆ ಏನೂ ಅಂದುಕೊಳ್ಳಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವಾಗ ಕೂತಲ್ಲೇ ಕೂತಿರಿ.

ಮಗಳ ವಿಷಯ ಮುಖ್ಯ. ಜೂನ್, ಜುಲೈನಲ್ಲಿ ‘ವೆಕೇಶನ್ ಬೈಬಲ್ ಸ್ಕೂಲ್’ ಅಂತ ನಡೆಯುತ್ತೆ, ಸಾಮಾನ್ಯವಾಗಿ ಐದು ದಿನ, ಉಚಿತ. ಆಟ, ಹಾಡು, ತಿಂಡಿ ಎಲ್ಲ ಇರುತ್ತೆ. ಕ್ಲಾಸಿನ ಅರ್ಧ ಮಕ್ಕಳು ಅಲ್ಲೇ ಇರ್ತಾರೆ. ಆದರೆ ಅದರ ಮೂಲ ಉದ್ದೇಶ ಧರ್ಮಬೋಧನೆ, ಅದನ್ನ ಅವರು ಮುಚ್ಚಿಡೋದೂ ಇಲ್ಲ. ತಿಳಿದು ಕಳಿಸಿ ಅಥವಾ ತಿಳಿದು ಬಿಡಿ. ಕಳಿಸದಿದ್ರೆ ಆ ಮಕ್ಕಳನ್ನ ಇನ್ನೊಂದು ದಿನ ನಿಮ್ಮ ಮನೆಗೆ ಆಡೋಕೆ ಕರೀರಿ, ಮಗಳು ಒಂಟಿ ಆಗಬಾರದು.

ಹೊಸಮನೆ:

ಇಬ್ಬರಿಗೂ ತುಂಬಾ ಧನ್ಯವಾದ. ಟೇಪ್ ನಿಜವಾಗಿಯೂ ಇತ್ತು! ಸಸ್ಯಾಹಾರದ ಬಗ್ಗೆ ಯಾರಾದ್ರೂ ಹೇಳ್ತೀರಾ? ಆಮೇಲೆ ಅವರು ನಮ್ಮ ಮನೆಗೆ ಬಂದ್ರೆ ಕಾಫಿ ಕೊಡಬೇಕಾ, ಬೇರೆ ಏನಾದ್ರೂ?

ಉಪ್ಪುಹುಳಿಖಾರ:

‘ವೆಜಿಟೇರಿಯನ್’ ಅಂದ್ರೆ ಸಾಲದು. ಆ ಪದ ಕೇಳಿದವರು ಮಾಂಸದ ತುಂಡು ಇರಬಾರದು ಅಂತ ಅರ್ಥ ಮಾಡ್ಕೊಂಡು, ಕೋಳಿ ಸಾರಲ್ಲಿ ಬೇಯಿಸಿದ ಅನ್ನ ಪ್ರೀತಿಯಿಂದ ತಂದುಕೊಡ್ತಾರೆ. ‘ನೋ ಮೀಟ್, ನೋ ಚಿಕನ್ ಬ್ರಾತ್, ನೋ ಬೇಕನ್ ಗ್ರೀಸ್, ನೋ ಲಾರ್ಡ್, ಎಗ್ಸ್ ಆರ್ ಫೈನ್’ (ಮಾಂಸ, ಕೋಳಿ ಸಾರು, ಹಂದಿಮಾಂಸದ ಬೇಕನ್ ಜಿಡ್ಡು, ಹಂದಿಕೊಬ್ಬು ಬೇಡ, ಮೊಟ್ಟೆ ಆಗುತ್ತೆ) ಅಂತ ಬಿಡಿಸಿ ಹೇಳಿ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಾಗ ಹೇಳಬೇಡಿ. ಆಗ ನಗುತ್ತಾ ತಗೊಳ್ಳಿ. ಟ್ರೇ ವಾಪಸ್ ಕೊಡೋಕೆ ಹೋದಾಗ ಹೇಳಿ. ಆದರೆ ಹೇಳದೆ ಮಾತ್ರ ಇರಬೇಡಿ. ಪ್ರತಿಸಲ ತಿನ್ನಲಾಗದ್ದನ್ನ ಅವರು ಕಷ್ಟಪಟ್ಟು ಮಾಡ್ತಾ ಇರೋದು ಇನ್ನೂ ಬೇಜಾರು.

ಗಮನ ಇಡಬೇಕಾದ್ದು: ಬೀನ್ಸ್ ಮತ್ತು ಕಾಲರ್ಡ್ ಸೊಪ್ಪನ್ನ ಗಂಟೆಗಟ್ಟಲೆ ಬೇಯಿಸುವಾಗ ಬೇಕನ್ ಅಥವಾ ಹಂದಿಕಾಲಿನ ಗಿಣ್ಣು ಹಾಕ್ತಾರೆ, ಬಡಿಸುವಾಗ ಅದು ಕಾಣಿಸೋದೇ ಇಲ್ಲ. ಕಾರ್ನ್‌ಬ್ರೆಡ್‌ಗೆ ಬೀಡುಕಬ್ಬಿಣದ ಬಾಣಲೆಯಲ್ಲಿ ಬೇಕನ್ ಜಿಡ್ಡು ಕಾಯಿಸೋ ಪದ್ಧತಿ ಹಲವು ಮನೆಗಳಲ್ಲಿದೆ. ಬಿಸ್ಕಿಟ್ (ಅಲ್ಲಿ ಅದು ಮೆತ್ತನೆಯ ಬನ್ ಥರದ್ದು), ಪೈ ಹಿಟ್ಟಲ್ಲಿ ಹಂದಿಕೊಬ್ಬು ಇರಬಹುದು. ಕ್ಯಾಸರೋಲ್‌ನ ಬಿಳಿ ಗೊಜ್ಜು ಬಹಳ ಸಲ ಕ್ರೀಮ್ ಆಫ್ ಚಿಕನ್ ಸೂಪ್ ಡಬ್ಬಿಯದ್ದು. ಅದರ ಬದಲು ಕ್ರೀಮ್ ಆಫ್ ಮಶ್ರೂಮ್ ಹಾಕಬಹುದಾ ಅಂತ ಕೇಳಿ, ಅಡುಗೆ ಏನೂ ಬದಲಾಗಲ್ಲ, ಖುಷಿಯಿಂದ ಮಾಡ್ತಾರೆ. ಸಿಹಿಗೆಣಸಿನ ಕ್ಯಾಸರೋಲ್ ಮೇಲಿನ ಮಾರ್ಷ್‌ಮೆಲೋ, ಬಣ್ಣದ ಜೆಲ್ಲೊ ಎರಡರಲ್ಲೂ ಜೆಲಟಿನ್, ಅಂದ್ರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು.

ನಿಶ್ಚಿಂತೆಯಿಂದ ತಿನ್ನೋದೂ ಬೇಕಾದಷ್ಟಿದೆ. ಪೌಂಡ್ ಕೇಕ್ ಬರೀ ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ. ಪಿಮೆಂಟೊ ಚೀಸ್ (ಸಿಹಿ ಕೆಂಪು ಮೆಣಸಿನಕಾಯಿ ಬೆರೆಸಿದ ಚೀಸ್), ಪೀಚ್ ಕಾಬ್ಲರ್ (ಪೀಚ್ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸಿದ ಸಿಹಿ) ಸಾಮಾನ್ಯವಾಗಿ ಸರಿಹೋಗುತ್ತೆ. ಮೆಕ್ಕೆಜೋಳದ ಹಿಟ್ಟಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ ಬಲು ರುಚಿ, ಹೋಟೆಲ್ ಆದ್ರೆ ಎಣ್ಣೆ ಬೇರೆಯಾ ಅಂತ ಕೇಳಿ. ರಸ್ತೆ ಬದಿ ದೊಡ್ಡ ಹಂಡೆಯಲ್ಲಿ ಕುದೀತಿರೋ ಉಪ್ಪುನೀರಿನ ಹಸಿ ಕಡಲೆಕಾಯಿ ಕಂಡ್ರೆ ಗಾಡಿ ನಿಲ್ಲಿಸಿ, ನಮ್ಮೂರಿನ ಬೇಯಿಸಿದ ಕಡಲೆಕಾಯಿಯೇ ಅದು. ಜನವರಿ 1ಕ್ಕೆ ಅಲಸಂದೆಕಾಳು, ಸೊಪ್ಪು ತಿಂದ್ರೆ ವರ್ಷ ಚೆನ್ನಾಗಿರುತ್ತೆ ಅನ್ನೋ ನಂಬಿಕೆ ಅಲ್ಲಿದೆ. ಅವತ್ತು ನಿಮ್ಮ ಅಲಸಂದೆ ಉಸಲಿ ಒಂದು ಡಬ್ಬಿ ಪಕ್ಕದ ಮನೆಗೆ ಕೊಡಿ, ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ದಾರಿಹೋಕ:

ಇನ್ನು ಮಾತು, ರಸ್ತೆ, ಕಾಗದಪತ್ರ.

ಹಿರಿಯರಿಗೆ ಸರ್, ಮ್ಯಾಮ್. ಪರಿಚಯ ಆದಮೇಲೆ ಹೆಸರಿನ ಮುಂದೆ ‘ಮಿಸ್’ ಅಥವಾ ‘ಮಿಸ್ಟರ್’ ಸೇರಿಸಿ ಮೊದಲ ಹೆಸರು, ನಮ್ಮ ಅಕ್ಕ, ಮಾವ ಇದ್ದ ಹಾಗೆ. ಮಗಳಿಗೆ ‘ಯೆಸ್ ಮ್ಯಾಮ್’ ಅಭ್ಯಾಸ ಮಾಡಿಸಿ, ಶಾಲೆಯಲ್ಲಿ ಬೇಕಾಗುತ್ತೆ. ‘ಯಾಲ್ ಕಮ್ ಸೀ ಅಸ್’ ಅಂದ್ರೆ ನಮ್ಮ ‘ಮನೆ ಕಡೆ ಬನ್ನಿ’ ಇದ್ದಂತೆ, ಬೀಳ್ಕೊಡೋ ಮಾತು. ದಿನ, ಹೊತ್ತು ಹೇಳಿದ್ರೆ ಮಾತ್ರ ಕರೆ. ಹಿರಿಯರ ಬಾಯಲ್ಲಿ ‘ಡಿನ್ನರ್’ ಮಧ್ಯಾಹ್ನದ ಊಟ ಆಗಿರಬಹುದು, ರಾತ್ರಿಯದ್ದು ‘ಸಪ್ಪರ್’. ಎಷ್ಟು ಗಂಟೆಗೆ ಅಂತ ಕೇಳಿಬಿಡಿ.

ಎದುರು ಗಾಡಿಯವರು ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿದ್ರೆ ನೀವೂ ಎತ್ತಿ. ಹೆಡ್‌ಲೈಟ್ ಹಾಕ್ಕೊಂಡು ಸಾಲಾಗಿ ಬರೋ ಶವಯಾತ್ರೆ ಎದುರಾದ್ರೆ ಬಲಕ್ಕೆ ಸರಿದು ನಿಲ್ಲಿಸಿ, ಕೊನೇ ಕಾರು ದಾಟೋ ತನಕ ಹೊರಡಬೇಡಿ. ಸತ್ತವರು ಯಾರು ಅಂತ ಗೊತ್ತಿಲ್ಲದಿದ್ರೂ ನಿಲ್ಲಿಸೋದು ಅಲ್ಲಿನ ರೂಢಿ.

ಪಕ್ಕದ ಮನೆಯಲ್ಲಿ ಸಾವಾದ್ರೆ ‘ವಿಸಿಟೇಶನ್’ ಇಡ್ತಾರೆ. ಫ್ಯೂನರಲ್ ಹೋಮ್‌ಗೆ (ಅಂತ್ಯಕ್ರಿಯೆಯ ಏರ್ಪಾಡು ಮಾಡೋ ಜಾಗ) ಹೋಗಿ ಪುಸ್ತಕದಲ್ಲಿ ಹೆಸರು ಬರೆದು, ಸಾಲಲ್ಲಿ ನಿಂತು, ಮನೆಯವರ ಕೈಹಿಡಿದು ಒಂದು ಮಾತಾಡಿ ಬಂದ್ರೆ ಸಾಕು, ಹದಿನೈದು ನಿಮಿಷದ ಕೆಲಸ. ಮನೆಗೆ ಊಟ ಕೊಡೋದಾದ್ರೆ ಬಿಸಾಡೋ ಟ್ರೇಯಲ್ಲಿ ಕೊಡಿ, ಆ ಹೊತ್ತಲ್ಲಿ ಪಾತ್ರೆ ತೊಳೆದು ಹಂಚೋ ಕೆಲಸ ಅವರಿಗೆ ಬೇಡ. ಬಾಗಿಲಿಗೆ ಬಂದ ಕೇಕ್‌ಗೆ ನಿಜವಾದ ಉತ್ತರ ಇದು. ಬಂದ ಹೊಸದರ ಸ್ವಾಗತ ಎಲ್ಲರಿಗೂ ಸಿಗುತ್ತೆ, ಸ್ನೇಹ ಆಗೋದು ಇಂಥ ದಿನಗಳಲ್ಲಿ ನೀವು ಹೋಗಿ ನಿಂತಾಗ.

ಸುಂಟರಗಾಳಿ. ಮಾರ್ಚಿಂದ ಮೇ, ಮತ್ತೆ ನವೆಂಬರಲ್ಲಿ ಜೋರು. 2011ರ ಏಪ್ರಿಲ್ 27ರಂದು ಒಂದೇ ದಿನ ಅಲಬಾಮದಲ್ಲಿ 62 ಸುಂಟರಗಾಳಿ ಎದ್ದವು, ಆ ಊರುಗಳಲ್ಲಿ ಅದನ್ನ ಮರೆತವರಿಲ್ಲ. ‘ವಾಚ್’ ಅಂದ್ರೆ ಬರಬಹುದು, ‘ವಾರ್ನಿಂಗ್’ ಅಂದ್ರೆ ಈಗಲೇ ಒಳಗೆ ಹೋಗಿ. ಪಕ್ಕದವರು ‘ನಮ್ಮ ಶೆಲ್ಟರ್‌ಗೆ ಬನ್ನಿ’ ಅಂದ್ರೆ ಅದು ಬಾಯಿಮಾತಲ್ಲ. ಬಿಸಿಲಿರೋ ದಿನವೇ ಹೋಗಿ ಬಾಗಿಲು ಎಲ್ಲಿದೆ, ಹೇಗೆ ತೆರೆಯುತ್ತೆ, ಎಷ್ಟು ಜನ ಹಿಡೀತಾರೆ ನೋಡಿ ಬನ್ನಿ. ಬ್ಯಾಟರಿ ಇರೋ ವೆದರ್ ರೇಡಿಯೊ ಕೊಂಡು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಆರಂಕಿಯ ಕೋಡ್ ಹಾಕಿಡಿ, ರಾತ್ರಿ ಫೋನ್ ಸೈಲೆಂಟ್ ಆಗಿದ್ರೂ ಅದು ಎಬ್ಬಿಸುತ್ತೆ. ಒಳಗೆ ಹೋಗುವಾಗ ಎಲ್ಲರ ಕಾಲಲ್ಲಿ ಶೂ, ಮಗಳ ತಲೆಗೆ ಸೈಕಲ್ ಹೆಲ್ಮೆಟ್.

ಬೇರೆ ರಾಜ್ಯದಿಂದ ಬಂದಿದ್ರೆ ಲೈಸೆನ್ಸ್ ಮತ್ತು ಗಾಡಿ ನೋಂದಣಿ ಎರಡಕ್ಕೂ 30 ದಿನ ಅವಕಾಶ. ನಂಬರ್ ಪ್ಲೇಟಿಗೆ ಅಲ್ಲಿ ‘ಟ್ಯಾಗ್’ ಅಂತಾರೆ, ಕೌಂಟಿ ಕಚೇರಿಯಲ್ಲಿ ಸಿಗುತ್ತೆ. ಅದರ ನವೀಕರಣದ ತಿಂಗಳು ಕೊನೆಯ ಹೆಸರಿನ ಮೊದಲ ಅಕ್ಷರದ ಮೇಲೆ: ಆರ್ ಅಥವಾ ಕೆ ಆದ್ರೆ ಆಗಸ್ಟ್, ಎಸ್ ಆದ್ರೆ ಸೆಪ್ಟೆಂಬರ್, ಬಿ ಆದ್ರೆ ಫೆಬ್ರವರಿ. ನಮ್ಮವರಲ್ಲಿ ಅಪ್ಪನ ಹೆಸರು, ಊರಿನ ಹೆಸರು ಹಿಂದೆಮುಂದೆ ಆಗಿರುತ್ತೆ. ಪಾಸ್‌ಪೋರ್ಟ್, ಲೈಸೆನ್ಸ್, ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ಮೂರರಲ್ಲೂ ಒಂದೇ ಕ್ರಮ ಇರೋ ಹಾಗೆ ಕೌಂಟರಿನಲ್ಲೇ ಓದಿ ನೋಡಿ. ತಿಂಗಳ ಕೊನೇ ದಿನಗಳಲ್ಲಿ ಸಾಲು ಉದ್ದ, ನಡುವೆ ಹೋಗಿ.

ತುಂಗಾತೀರ:

ಮನೆಗೆ ಬಂದವರಿಗೆ ಏನು ಕೊಡೋದು ಅಂತ ಕೇಳಿದ್ರಲ್ಲ. ಫಿಲ್ಟರ್ ಕಾಫಿ ಕೊಡಿ, ಇಷ್ಟಪಡೋರು ಇದ್ದಾರೆ. ಆದರೆ ಫ್ರಿಜ್‌ನಲ್ಲಿ ಒಂದು ಜಗ್ ಸಿಹಿ ಐಸ್ ಟೀ ಇರಲಿ. ನಾಲ್ಕು ಕಪ್ ನೀರು ಕುದಿಸಿ ಒಲೆ ಆರಿಸಿ. ಫ್ಯಾಮಿಲಿ ಸೈಜ್ ಟೀ ಬ್ಯಾಗ್ ಮೂರು, ಚಿಟಿಕೆ ಅಡುಗೆ ಸೋಡಾ ಹಾಕಿ ಮುಚ್ಚಿಡಿ. ಹತ್ತು ನಿಮಿಷಕ್ಕೆ ಬ್ಯಾಗ್ ತೆಗೀರಿ, ಹಿಂಡಬೇಡಿ, ಒಗರು ಇಳಿಯುತ್ತೆ. ಬಿಸಿ ಇರುವಾಗಲೇ ಒಂದು ಕಪ್ ಸಕ್ಕರೆ ಕರಗಿಸಿ, ತಣ್ಣೀರು ಬೆರೆಸಿ ಒಟ್ಟು ಒಂದು ಗ್ಯಾಲನ್, ಅಂದ್ರೆ 3.8 ಲೀಟರ್ ಹತ್ತಿರ ಮಾಡಿ. ನಮ್ಮ ಹಾಗೆ ಟೀ ಸೊಪ್ಪು ಕುದಿಸಿದ್ರೆ ಕಹಿ. ಪೂರ್ತಿ ಆರೋ ಮೊದಲು ಫ್ರಿಜ್‌ಗೆ ಇಟ್ರೆ ಮಬ್ಬಾಗುತ್ತೆ. ಹಾಗಾದ್ರೆ ಸ್ವಲ್ಪ ಕುದಿನೀರು ಬೆರೆಸಿ, ಮತ್ತೆ ತಿಳಿಯಾಗುತ್ತೆ.