ಪದ ಬೇಕಿದೆ: ಆಂಟಿಆಕ್ಸಿಡೆಂಟ್ (ಫಲಕಕ್ಕೆ, ನಾಳೆ ಸಂಜೆಯೊಳಗೆ)

ಸಾಗರದಿಂದ:
ನಮಸ್ಕಾರ. ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ) ತಳಿಗಳ ಬಗ್ಗೆ ಫಲಕವೊಂದು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಮಾವಿನ ಗೊರಟು ಒಣಗಿದರೆ ಸಾಯುತ್ತದೆ. ಭತ್ತದ ಬೀಜದಂತೆ ಒಣಗಿಸಿ ವರ್ಷಗಟ್ಟಲೆ ಇಡಲು ಬರುವುದಿಲ್ಲ. ಇಂಥ ಗಿಡಗಳ ಚಿಗುರು ತುದಿಯನ್ನೋ ಭ್ರೂಣವನ್ನೋ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ವಿಧಾನವಿದೆ. ಆಗ ವಿಟಮಿನ್ ಸಿ, ಗ್ಲುಟಾಥಯೋನ್‌ನಂಥ ಆಂಟಿಆಕ್ಸಿಡೆಂಟ್ ಬಳಸಿದರೆ ಬದುಕುವ ತುದಿಗಳು ಜಾಸ್ತಿಯಾಗಬಹುದು. ಆಂಟಿಆಕ್ಸಿಡೆಂಟ್‌ಗೆ ತೋಟದವರಿಗೆ ತಿಳಿಯುವ ಪದ ಯಾವುದು? ಇಡುವ ವಿಧಾನಕ್ಕೆ ‘ಶೀತ ಸಂರಕ್ಷಣೆ’ ಅಂದರೆ ಕೋಲ್ಡ್ ಸ್ಟೋರೇಜ್ ಅಂದುಕೊಳ್ಳುತ್ತಾರೆ, ಅಲ್ವಾ?

ಶಿವಮೊಗ್ಗದಿಂದ:
‘ಉತ್ಕರ್ಷಣ ನಿರೋಧಕ’. ಎಲ್ಲ ಕಡೆ ಬಳಕೆಯಲ್ಲಿದೆ. ಚರ್ಚೆಗೆ ಏನೂ ಇಲ್ಲ.

ತೀರ್ಥಹಳ್ಳಿಯಿಂದ:
ಇದೆ. ಉತ್ಕರ್ಷ ಅಂದರೆ ಜನರಿಗೆ ಏಳಿಗೆ. ಏಳಿಗೆ ತಡೆಯುವ ವಸ್ತು ಅಂತ ಓದಿಕೊಂಡರೆ ತಪ್ಪು ಯಾರದು? ‘ಆಮ್ಲಜನಕ ನಿರೋಧಕ’ ಅಂತ ಯಾರೂ ಸೂಚಿಸಬೇಡಿ. ಆಮ್ಲಗಳೆಲ್ಲ ಆಕ್ಸಿಜನ್‌ನಿಂದಲೇ ಆಗುತ್ತವೆ ಎಂದು ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೆ ತಪ್ಪಾಗಿ ನಂಬಿ ಇಟ್ಟ ಹೆಸರು ಅದು. ಆ ತಪ್ಪನ್ನೇ ನಾವು ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ವಿಟಮಿನ್ ಸಿ ತಾನೇ ಒಂದು ಆಮ್ಲ!

ನಡೆಯುವುದೇನು ನೋಡಿ. ತುದಿಯ ನೀರಿಳಿಸಿ, ಹೆಪ್ಪುಗಟ್ಟಿಸುವಷ್ಟು ತಣಿಸಿ, ಮತ್ತೆ ಬೆಚ್ಚಗೆ ಮಾಡುವಾಗ ಆಕ್ಸಿಜನ್‌ನ ಚುರುಕು ರೂಪಗಳು ಹುಟ್ಟುತ್ತವೆ. ಅವು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತವೆ. ಡಬ್ಬದ ತಳದ ಹಳೇ ಕೊಬ್ಬರಿ ಎಣ್ಣೆ ಕೆಡುವುದೂ ಇದೇ ಬಗೆಯಲ್ಲಿ. ಅದಕ್ಕೆ ಅಡುಗೆಮನೆಯಲ್ಲೇ ಪದ ಇದೆ: ಕಮಟು. ‘ಕಮಟುತಡೆ’ ಅನ್ನಿ. ಯಾರನ್ನೂ ಕೇಳದೆ ಅರ್ಥವಾಗುತ್ತದೆ.

ಶಿವಮೊಗ್ಗದಿಂದ:
ಒಪ್ಪುವುದಿಲ್ಲ. ಪ್ರೋಟೀನಿಗೂ ಡಿಎನ್‌ಎಗೂ ಹಾನಿಯಾಗುತ್ತದೆ. ಅವು ಕಮಟು ಹಿಡಿಯುತ್ತವೆಯೇ? ಸಂಸ್ಕೃತ ಕಂಡರೆ ಆಗದು ಅನ್ನುವುದಕ್ಕೆ ವಿಜ್ಞಾನವನ್ನು ಬಗ್ಗಿಸಬೇಡಿ.

ತೀರ್ಥಹಳ್ಳಿಯಿಂದ:
ನನ್ನ ತಕರಾರು ಸಂಸ್ಕೃತದ ಮೇಲಲ್ಲ, ಅರ್ಥ ಕೊಡದ ಪದದ ಮೇಲೆ. ‘ವಿಟಮಿನ್’ ಹಾಗೇ ಬಿಟ್ಟು ‘ಆಂಟಿಆಕ್ಸಿಡೆಂಟ್’ ಒಂದಕ್ಕೇ ಮಡಿ ಮಾಡುವುದು ಯಾಕೆ?

ಹೊಸನಗರದಿಂದ:
ಫಲಕಕ್ಕೆ ‘ಆಂಟಿಆಕ್ಸಿಡೆಂಟ್’ ಎಂದೇ ಹಾಕಿ. ಕೆಳಗೆ ಒಂದು ಸಾಲು: ‘ಜೀವಕೋಶದ ಪೊರೆ ಕೆಡದಂತೆ ತಡೆಯಲು ಸೇರಿಸುವ ವಸ್ತು.’ ದ್ರವ ಸಾರಜನಕದ ವಿಧಾನಕ್ಕೆ ‘ಕಡುಶೀತದಲ್ಲಿ ಕಾಪಿಡುವುದು’, ಪಕ್ಕದಲ್ಲೇ ಮೈನಸ್ 196. ಆಗ ಕೋಲ್ಡ್ ಸ್ಟೋರೇಜ್ ಅಂದುಕೊಳ್ಳುವ ಪ್ರಶ್ನೆಯೇ ಇಲ್ಲ. ‘ಜಾಸ್ತಿಯಾಗಬಹುದು’ ಎಂದಿದ್ದೀರಲ್ಲ, ಆ ‘ಬಹುದು’ ತೆಗೆಯಬೇಡಿ. ಕಬ್ಬಿಣದ ಅಂಶ ಇದ್ದಲ್ಲಿ ಅದೇ ವಿಟಮಿನ್ ಸಿ ಉಲ್ಟಾ ಹೊಡೆದು ಹಾನಿ ಹೆಚ್ಚಿಸುವುದೂ ಉಂಟು.