ಫೀಲ್ಡ್ ವರ್ಕ್ ರಿಪೋರ್ಟಿನಲ್ಲಿ ‘ಥಿಯರಿ ಎಲ್ಲಿದೆ?’ ಅಂತ ಕೇಳ್ತಾರೆ, ಏನು ಬರೆಯಲಿ?

ಪ್ರಶ್ನೆ: ಹತ್ತಿಹೊಲ (ರಾಯಚೂರು)

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ. ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್, ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದ್ದಾರೆ. ಗುರುವಾರ, ಶುಕ್ರವಾರ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗಿ ಅಂಗನವಾಡಿಯಲ್ಲಿ ಕೂರುತ್ತೇನೆ. ಮೊದಲ ಮೂರು ವಾರ ಟೀಚರ್ ಜೊತೆ ಮಕ್ಕಳ ತೂಕ ಮಾಡಿದ್ದೇ ಕೆಲಸ. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ.

ನಾಲ್ಕನೇ ವಾರ ಒಂದೂವರೆ ವರ್ಷದ ಒಂದು ಗಂಡುಮಗು ಬಂತು. ತೋಳಿಗೆ ಪಟ್ಟಿ ಸುತ್ತಿ ಅಳೆದಾಗ 11.1 ಸೆಂ.ಮೀ. 11.5ಕ್ಕಿಂತ ಕಡಿಮೆ ಅಂದರೆ ಕೆಂಪು, ತೀವ್ರ ಅಪೌಷ್ಟಿಕತೆ. ಟೀಚರ್ ‘ಎನ್‌ಆರ್‌ಸಿಗೆ ಸೇರಿಸಬೇಕು’ ಅಂದರು. ಪೌಷ್ಟಿಕ ಪುನಶ್ಚೇತನ ಕೇಂದ್ರ, ರಾಯಚೂರಿನಲ್ಲಿದೆ, 14 ದಿನ ಅಲ್ಲೇ ಇರಬೇಕು. ತಾಯಿಯನ್ನು ಒಪ್ಪಿಸೋ ಕೆಲಸ ನನಗೆ ಬಂತು. ಮನೆಗೆ ಹೋದೆ. ಅವರು ಕೇಳಿದ್ದು ಒಂದೇ ಮಾತು: ‘ಹದಿನಾಕು ದಿನ ಅಲ್ಲೇ ಕುಂತ್ರ ಹತ್ತಿ ಯಾರ್ ಬಿಡಸ್ತಾರ್ರಿ? ನೀವ್ ಬಂದ್ ಬಿಡಸ್ತೀರೇನು?’

ನನಗೆ ಬಾಯೇ ಬರಲಿಲ್ಲ. ಕ್ಲಾಸಿನಲ್ಲಿ ಆಗಷ್ಟೇ ಬೀಸ್ಟೆಕ್ ಅನ್ನೋ ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕರ ಏಳು ತತ್ವಗಳ ಪಾಠ ಆಗಿತ್ತು. ಅದರಲ್ಲಿ ಒಂದು ಸ್ವನಿರ್ಧಾರ, ಅಂದರೆ ತನ್ನ ಬದುಕಿನ ತೀರ್ಮಾನ ಕ್ಲೈಂಟೇ ಮಾಡಬೇಕು, ನಾವು ಹೇರಬಾರದು. ಸರಿ, ತಾಯಿ ಬೇಡ ಅಂದರಲ್ಲ, ಅವರ ತೀರ್ಮಾನ ಅಂತ ಎದ್ದು ಬಂದೆ. ರಿಪೋರ್ಟಿನಲ್ಲೂ ಹಾಗೇ ಬರೆದೆ. ನಿಜ ಹೇಳ್ತೀನಿ, ಥಿಯರಿ ಸಿಕ್ಕಿತಲ್ಲ ಅಂತ ಒಳಗೊಳಗೆ ಖುಷಿಯೂ ಆಗಿತ್ತು.

ಐಸಿಯಲ್ಲಿ (ವಿದ್ಯಾರ್ಥಿ ಜೊತೆ ಒಬ್ಬೊಬ್ಬರಾಗಿ ಕೂತು ರಿಪೋರ್ಟ್ ಚರ್ಚೆ ಮಾಡೋ ಹೊತ್ತು) ಸೂಪರ್‌ವೈಸರ್ ಓದಿ ‘ಮಗು ತೀರಿಕೊಂಡರೆ ಅದೂ ಸ್ವನಿರ್ಧಾರನಾ?’ ಅಂದರು. ಮುಂದಿನ ವಾರ ನಾನು ಥಿಯರಿಯೇ ಇಲ್ಲದೆ ನಡೆದದ್ದನ್ನಷ್ಟೇ ಬರೆದುಕೊಟ್ಟೆ. ಆಗ ‘ಇದು ದಿನಚರಿ. ಇದರಲ್ಲಿ ಥಿಯರಿ ಎಲ್ಲಿದೆ?’ ಅಂದರು. ಹಾಕಿದರೂ ತಪ್ಪು, ಬಿಟ್ಟರೂ ತಪ್ಪು. ನಿಮ್ಮಲ್ಲಿ ಫೀಲ್ಡಿನಲ್ಲಿರೋರು ಇದನ್ನ ಹೇಗೆ ಮಾಡ್ತೀರಿ?

ಉತ್ತರ 1: ಹಳೇ ಸೈಕಲ್ (ಲಿಂಗಸುಗೂರು)

ತಂಗೀ, ನಾನು ಹನ್ನೆರಡು ವರ್ಷದಿಂದ ಸಂಸ್ಥೆಯೊಂದರಲ್ಲಿ ಹಳ್ಳಿ ಸುತ್ತುವವನು. ಎಂಎಸ್‌ಡಬ್ಲ್ಯೂ ನೋಟ್ಸು ಮನೆಯ ಅಟ್ಟದಲ್ಲಿದೆ, ಇಲಿ ತಿಂದಿಲ್ಲ ಅಂದರೆ. ಒಂದೇ ಒಂದು ಕೇಳ್ತೀನಿ. ಆ ತಾಯಿ ಹತ್ತಿ ಬಿಡಿಸೋದು ಸ್ವಂತ ಹೊಲದಲ್ಲೋ ಕೂಲಿಗೋ? ಕೂಲಿಗಾದರೆ ಮುಂಗಡ ತಗೊಂಡಿದ್ದಾರಾ? ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿದೆ? ಇದನ್ನ ಕೇಳದೆ ‘ತಾಯಿಯ ತೀರ್ಮಾನ’ ಅಂತ ಬರೆದುಬಿಟ್ಟಿದ್ದೀಯಲ್ಲ. ನಮ್ಮ ಕಡೆ ಸೊಸೆಯಂದಿರು ಎಷ್ಟು ತೀರ್ಮಾನ ಮಾಡ್ತಾರೆ ಅಂತ ನಿನ್ನ ಮನೆಯಲ್ಲೇ ನೋಡಿಲ್ವಾ?

ಥಿಯರಿ ಆಮೇಲೆ. ಮೊದಲು ಗುರುವಾರ ಹೊಲಕ್ಕೆ ಹೋಗು. ಅಂಗನವಾಡಿಯಲ್ಲಿ ಕೂತರೆ ಹತ್ತಿ ಕಾಲದಲ್ಲಿ ಯಾವ ಹೆಣ್ಣುಮಗಳೂ ಮಾತಿಗೆ ಸಿಗೋಲ್ಲ.

ಉತ್ತರ 2: ಬಳ್ಳಾರಿ ಮೇಷ್ಟ್ರು

ಸೈಕಲ್ ಅವರು ಹೇಳಿದ್ದು ಸರಿ, ಆದರೆ ‘ಥಿಯರಿ ಆಮೇಲೆ’ ಅನ್ನೋದನ್ನ ನಾನು ಒಪ್ಪೋದಿಲ್ಲ. ಅವರು ಕೇಳಿದ ಆ ಮೂರು ಪ್ರಶ್ನೆ ಇದೆಯಲ್ಲ, ಅದೇ ಥಿಯರಿ. ಹನ್ನೆರಡು ವರ್ಷದಲ್ಲಿ ಪುಸ್ತಕದ ಹೆಸರು ಮರೆತಿದ್ದಾರೆ, ಅಷ್ಟೇ.

ಬೀಸ್ಟೆಕ್ ಪುಸ್ತಕ ಬಂದದ್ದು 1957ರಲ್ಲಿ. ಸ್ವನಿರ್ಧಾರದ ಬಗ್ಗೆ ಬರೆಯುವಾಗಲೇ ಅದಕ್ಕೆ ಮಿತಿ ಉಂಟು ಅಂತ ಅವರು ಹೇಳಿದ್ದಾರೆ. ಕ್ಲೈಂಟ್‌ಗೆ ಒಳ್ಳೆಯ ತೀರ್ಮಾನ ಮಾಡುವ ಶಕ್ತಿ ಎಷ್ಟಿದೆ, ಕಾನೂನು ಏನು ಹೇಳುತ್ತದೆ, ನೈತಿಕವಾಗಿ ಯಾವುದು ಸರಿ, ನಿಮ್ಮ ಸಂಸ್ಥೆಯ ಕೆಲಸ ಏನು, ಇಷ್ಟರೊಳಗೇ ಆ ಹಕ್ಕು. ನಮ್ಮ ಹುಡುಗರ ನೋಟ್ಸಿನಲ್ಲಿ ಏಳು ತತ್ವಗಳ ಪಟ್ಟಿ ಇರುತ್ತದೆ, ಮಿತಿಯ ಪುಟ ಇರೋದಿಲ್ಲ. ತಪ್ಪು ಹುಡುಗರದ್ದಲ್ಲ. ಪರೀಕ್ಷೆಯಲ್ಲಿ ನಾವು ಕೇಳೋದೂ ‘ಏಳು ತತ್ವಗಳನ್ನು ವಿವರಿಸಿ’ ಅಂತಲೇ.

ಅದೇ 1957ರಲ್ಲಿ ಹೆಲೆನ್ ಪರ್ಲ್‌ಮನ್ ಅವರ ಕೇಸ್ ವರ್ಕ್ (ಒಬ್ಬೊಬ್ಬ ವ್ಯಕ್ತಿಯ ಜೊತೆ ಕೆಲಸ ಮಾಡೋ ವಿಧಾನ) ಪುಸ್ತಕವೂ ಬಂತು. ನಾಲ್ಕು ‘ಪಿ’ ಓದಿರುತ್ತೀರಿ: ಪರ್ಸನ್, ಪ್ರಾಬ್ಲಂ, ಪ್ಲೇಸ್, ಪ್ರೊಸೆಸ್. ಸಮಸ್ಯೆ ಇರುವ ವ್ಯಕ್ತಿ ಒಂದು ಜಾಗಕ್ಕೆ ಬರುತ್ತಾರೆ, ಅಲ್ಲಿ ಒಬ್ಬ ವೃತ್ತಿನಿರತರು ಒಂದು ಕ್ರಮದಲ್ಲಿ ನೆರವಾಗುತ್ತಾರೆ. ಪ್ಲೇಸ್ ಅಂದರೇನು ಅಂತ ವೈವಾದಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಕ್ಲೈಂಟ್ ಇರುವ ಊರು ಸರ್’ ಅನ್ನುತ್ತಾರೆ. ಅಲ್ಲ. ಪ್ಲೇಸ್ ಅಂದರೆ ಸಂಸ್ಥೆ, ಆಫೀಸು. ವ್ಯಕ್ತಿ ಅಲ್ಲಿಗೆ ತಾನಾಗಿ ನಡೆದು ಬರುತ್ತಾರೆ.

ಈಗ ನಿಮ್ಮ ಕೇಸು ನೋಡಿ. ಆ ತಾಯಿ ಎಲ್ಲಿಗೂ ಬಂದಿಲ್ಲ. ನೀವೇ ಅವರ ಅಂಗಳಕ್ಕೆ ಹೋಗಿದ್ದೀರಿ. ಸಮಸ್ಯೆ ಇದೆ ಅಂತ ಹೇಳಿದ್ದು ಅವರಲ್ಲ, ಒಂದು ಕೆಂಪು ಪಟ್ಟಿ. ಅವರ ಪ್ರಕಾರ ಸಮಸ್ಯೆ ಹತ್ತಿ. ಅಂದಮೇಲೆ ಅವರಿನ್ನೂ ನಿಮ್ಮ ಕ್ಲೈಂಟೇ ಆಗಿಲ್ಲ, ಸ್ವನಿರ್ಧಾರದ ಮಾತು ಎಲ್ಲಿಂದ ಬಂತು? ಪುಸ್ತಕ ಬರೆದದ್ದು ಶಹರದ ಆಫೀಸಿನಲ್ಲಿ ಕೂತು. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಮೊದಲ ನಿರ್ದೇಶಕರು ಅಮೆರಿಕದವರು. ಸಿಲೆಬಸ್ಸಿನಲ್ಲಿ ಆ ಗುರುತು ಇವತ್ತಿಗೂ ಇದೆ. ಹಾಗಂತ ಪುಸ್ತಕ ಬಿಸಾಡಬೇಡಿ. ಪುಸ್ತಕದ ಮಾತು ದೇವದುರ್ಗದಲ್ಲಿ ಎಲ್ಲಿ ಹೊಂದಲಿಲ್ಲವೋ ಅಲ್ಲೇ ನಿಮ್ಮ ರಿಪೋರ್ಟ್ ಶುರುವಾಗಬೇಕು. ‘ನಾನು ಸ್ವನಿರ್ಧಾರ ತತ್ವವನ್ನು ಅನ್ವಯಿಸಿದೆನು’ ಅನ್ನೋ ವಾಕ್ಯ ಕಂಡರೆ ನಾನಂತೂ ಕೆಂಪು ಪೆನ್ನು ತೆಗೀತೀನಿ. ಪ್ಲಾಸ್ಟರ್ ಅಂಟಿಸಿದ ಹಾಗೆ ಇರುತ್ತದೆ.

ಬರೆಯೋ ವಿಧಾನ ಕೇಳಿದಿರಿ. ಪುಟದ ಎಡಗಡೆ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ, ‘ಹತ್ತಿ ಯಾರ್ ಬಿಡಸ್ತಾರ್ರಿ’ ಅಂತಲೇ. ಅದನ್ನ ‘ಕ್ಲೈಂಟ್ ಆರ್ಥಿಕ ಅಡಚಣೆಯನ್ನು ವ್ಯಕ್ತಪಡಿಸಿದರು’ ಅಂತ ಮಾಡಿದರೆ ಕೇಸೇ ಸತ್ತುಹೋಗುತ್ತದೆ. ಬಲಗಡೆ ಆ ಕ್ಷಣ ನಿಮಗೆ ಏನನ್ನಿಸಿತು ಅಂತ ಬರೆಯಿರಿ. ಬಾಯಿ ಬರಲಿಲ್ಲ ಅಂದಿರಲ್ಲ, ಅದೂ ಇರಲಿ. ಎರಡು ದಿನ ಬಿಟ್ಟು ಓದಿ, ಪೆನ್ಸಿಲ್‌ನಲ್ಲಿ ಥಿಯರಿ ಗುರುತು ಹಾಕಿ. ಪೆನ್ಸಿಲ್ ಯಾಕೆ ಅಂದರೆ, ಅಳಿಸಬೇಕಾಗುತ್ತದೆ.

ಉತ್ತರ 3: ಅಂಗನವಾಡಿ ಟೀಚರ್ (ಕುಷ್ಟಗಿ)

ದೊಡ್ಡವರು ಥಿಯರಿ ಹೇಳಿದಿರಿ, ನನಗೆ ಅದು ಗೊತ್ತಿಲ್ಲ. ತಾಯಿಯ ಕೂಲಿ ತಪ್ಪುತ್ತದೆ ಅಂತ ಎನ್‌ಆರ್‌ಸಿಯಲ್ಲಿ ದಿನದ ಲೆಕ್ಕದಲ್ಲಿ ಒಂದಿಷ್ಟು ಹಣ ಕೊಡುತ್ತಾರೆ. ಹೊರಡೋ ಮೊದಲೇ ಅದನ್ನ ಹೇಳಬೇಕು. ನಾನು ಸೊಸೆಗೆ ಹೇಳೋದಿಲ್ಲ, ಅತ್ತೆಗೆ ಹೇಳ್ತೀನಿ. ಅತ್ತೆ ಒಪ್ಪಿದರೆ ಸೊಸೆ ಬ್ಯಾಗು ತುಂಬುತ್ತಾಳೆ. ಇನ್ನೊಂದು, ದೊಡ್ಡ ಮಗು ಇದ್ದರೆ ಅದನ್ನ ಯಾರು ನೋಡ್ಕೋತಾರೆ ಅಂತ ಕೇಳಿ. ನನ್ನ ಕಡೆ ಹೆಚ್ಚಿನವರು ನಿಂತುಹೋಗಿದ್ದು ಅದೇ ಕಾರಣಕ್ಕೆ, ದುಡ್ಡಿಗಲ್ಲ.

ಹತ್ತಿಹೊಲ (ಮತ್ತೆ)

ಗುರುವಾರ ಹೊಲಕ್ಕೆ ಹೋಗಿದ್ದೆ. ಒಂದು ತಾಸು ನಾನೂ ಹತ್ತಿ ಬಿಡಿಸಿದೆ. ಬೆರಳೆಲ್ಲ ಗೀರಿಹೋಗಿದೆ, ಬಿಡಿಸಿದ್ದು ಎರಡು ಕೆ.ಜಿ.ಯೂ ಆಗಲಿಲ್ಲ, ಎಲ್ಲರೂ ನಕ್ಕರು. ಆಮೇಲೆ ಮಾತು ತಾನೇ ಬಂತು. ಸೈಕಲ್ ಅಣ್ಣ, ಸಂಕ್ರಾಂತಿವರೆಗೂ ಬಿಡಿಸಿಕೊಡ್ತೀವಿ ಅಂತ ಹೊಲದವರ ಹತ್ತಿರ ಮುಂಗಡ ತಗೊಂಡಿದ್ದಾರೆ. ತಗೊಂಡಿದ್ದು ಗಂಡ. ಅವನು ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ಇವರು ಬಿಟ್ಟು ಹೋದರೆ ಮುಂಗಡ ವಾಪಸ್ ಕೊಡಬೇಕು. ಇದ್ಯಾವುದೂ ನನ್ನ ಮೊದಲ ರಿಪೋರ್ಟಿನಲ್ಲಿ ಇಲ್ಲ.

ಶುಕ್ರವಾರ ನಮ್ಮ ಟೀಚರ್ ಜೊತೆ ಹೋಗಿ ಅತ್ತೆಯ ಹತ್ತಿರ ಕೂತೆವು. ಅತ್ತೆ ಪೂರ್ತಿ ಬೇಡ ಅನ್ನಲಿಲ್ಲ. ‘ಆಕೀ ಹತ್ತಿ ಬಿಡಸ್ಲಿ, ಕೂಸಿನ್ ಕರ್ಕೊಂಡ್ ನಾನ ಹೊಕ್ಕೀನಿ’ ಅಂದರು. ಈ ದಾರಿ ನನ್ನ ತಲೆಗೇ ಹೊಳೆದಿರಲಿಲ್ಲ. ಮೇಷ್ಟ್ರೇ, ರಿಪೋರ್ಟ್ ಹನ್ನೊಂದು ಪುಟ ಆಗಿದೆ. ಬಲಗಡೆ ಇನ್ನೂ ಅರ್ಧ ಖಾಲಿ.

ಒಂದು ಅರ್ಜೆಂಟ್ ಪ್ರಶ್ನೆ. ತಾಯಿ ಬದಲು ಅಜ್ಜಿ ಬಂದರೆ ಎನ್‌ಆರ್‌ಸಿಯಲ್ಲಿ ಸೇರಿಸಿಕೊಳ್ಳುತ್ತಾರಾ? ಮಗು ಇನ್ನೂ ಎದೆಹಾಲು ಕುಡಿಯುತ್ತದೆ. ಸೋಮವಾರ ಹೊರಡೋದು ಅಂತ ಮಾತಾಗಿದೆ.

ಅಂಗನವಾಡಿ ಟೀಚರ್ (ಕುಷ್ಟಗಿ)

ಎದೆಹಾಲು ಕುಡಿಯೋ ಮಗು ಅಂದರೆ ಕಷ್ಟ, ತಾಯಿ ಬೇಕು ಅಂತಾರೆ. ಇವತ್ತೇ ನಿಮ್ಮ ಸೂಪರ್‌ವೈಸರ್ ಮೇಡಂ ಕಡೆಯಿಂದ ಅಲ್ಲಿಗೆ ಫೋನ್ ಮಾಡಿಸಿ ಕೇಳಿ. ಬೆಡ್ ಖಾಲಿ ಇದೆಯಾ ಅಂತಾನೂ ಕೇಳಿ. ಬಸ್ಸು ಫ್ರೀ, ಆದರೆ ಹೋದ ದಿನದ ಕೂಲಿ ಫ್ರೀ ಅಲ್ಲ. ಸುಮ್ನೆ ಹೋಗಿ ವಾಪಸ್ ಬಂದರೆ ಆ ಅಜ್ಜಿ ಇನ್ನೊಮ್ಮೆ ಹೊರಡೋದಿಲ್ಲ.